ಚಾವಿ ತಿರುಗುತ್ತೆ, ಡ್ಯಾಶ್‌ಬೋರ್ಡ್ ಮಾತ್ರ ಕತ್ತಲು: ಇಗ್ನಿಷನ್ ಆನ್ ಆಗದ ಕಾರಿನ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ಬಾಗಲಕೋಟೆ ಕಡೆಯಿಂದ ವಿಜಯಪುರಕ್ಕೆ ವಾಪಸ್ ಬರುತ್ತಿದ್ದೆವು. ಕೊಲ್ಹಾರದಲ್ಲಿ ಗಾಡಿ ನಿಲ್ಲಿಸಿ ಗಡಿಗೆ ಮೊಸರು ತಗೊಂಡೆವು. ಕೊಲ್ಹಾರದ ಮೇಲೆ ಹಾದು ಮೊಸರಿಲ್ಲದೆ ಮನೆಗೆ ಹೋದರೆ ಬೈಗುಳ ಗ್ಯಾರಂಟಿ. ಹತ್ತೇ ನಿಮಿಷ ಆಗಿತ್ತು. ಬಂದು ಕೂತು ಚಾವಿ ತಿರುಗಿಸಿದೆ. ಏನೂ ಇಲ್ಲ. ಸೆಲ್ಫ್ ಹೊಡೆಯಲಿಲ್ಲ ಅನ್ನೋದು ಬಿಡಿ, ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಕೆಂಪು ದೀಪ ಕೂಡ ಬರಲಿಲ್ಲ.

ನನಗೆ ಸಿಟ್ಟು ಬಂದಿದ್ದು ಗಾಡಿ ಮೇಲಲ್ಲ, ನನ್ನ ಮೇಲೆ. ಎರಡು ವಾರದ ಹಿಂದೆ ವಿಜಯಪುರದಲ್ಲಿ ಇದೇ ರೀತಿ ಆಗಿತ್ತು. ಆಗ ಒಂದು ಅಂಗಡಿಯಲ್ಲಿ "ಬ್ಯಾಟರಿ ಹೋಗ್ಯಾದ್ರಿ" ಅಂದರು. ನಾನೂ ಹೂಂ ಅಂದೆ. ಹೊಸ ಬ್ಯಾಟರಿ ಕೂರಿಸಿದ ಮೇಲೆ ಗಾಡಿ ಆನ್ ಆಯಿತು. ದುಡ್ಡು ಕೊಟ್ಟು ಖುಷಿಯಿಂದ ಬಂದೆ. ನಿಜಕ್ಕೂ ಅವತ್ತು ಗಾಡಿಯನ್ನು ಸರಿ ಮಾಡಿದ್ದು ಬ್ಯಾಟರಿ ಅಲ್ಲ, ನಡುವೆ ಕಳೆದ ಒಂದು ಗಂಟೆ. ಬಿಸಿಯಾಗಿದ್ದ ಒಂದು ಜಾಗ ತಣ್ಣಗಾಗಿತ್ತು, ಅಷ್ಟೆ. ಆ ಜಾಗ ಯಾವುದು ಅಂತ ಕೊಲ್ಹಾರದಲ್ಲಿ ಗೊತ್ತಾಯಿತು. ಗೊತ್ತು ಮಾಡಿಕೊಂಡ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ಒಬ್ಬರಾದರೂ ಸುಮ್ನೆ ಬ್ಯಾಟರಿ ಬದಲಿಸುವುದು ತಪ್ಪಿದರೆ ಸಾಕು.

ಮೊದಲು ರೋಗ ಯಾವುದು ಅಂತ ಬೇರೆ ಮಾಡಿ

"ಗಾಡಿ ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ರೋಗ ಇವೆ. ಚಾವಿಯೇ ತಿರುಗುವುದಿಲ್ಲ, ಇದು ಒಂದು. ಚಾವಿ ತಿರುಗುತ್ತೆ, ಆದರೆ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲು, ಇದು ಎರಡು. ದೀಪಗಳೆಲ್ಲ ಬರುತ್ತವೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ, ಇದು ಮೂರು. ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ, ಎಂಜಿನ್ ಹತ್ತುವುದಿಲ್ಲ, ಇದು ನಾಲ್ಕು. ನಾಲ್ಕನೆಯದು ಪೆಟ್ರೋಲ್, ಪ್ಲಗ್, ಸೆನ್ಸರ್‌ಗಳ ಕಥೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ. ನನ್ನದು ಎರಡನೆಯದು. ಜನ ಜಾಸ್ತಿ ದಾರಿ ತಪ್ಪುವುದೂ ಅಲ್ಲೇ.

ಚಾವಿಯೇ ತಿರುಗದಿದ್ದರೆ ಗಾಬರಿ ಬೇಡ. ಹತ್ತರಲ್ಲಿ ಎಂಟು ಸಲ ಅದು ಸ್ಟೇರಿಂಗ್ ಲಾಕ್. ಗಾಡಿ ನಿಲ್ಲಿಸುವಾಗ ಚಕ್ರ ಓರೆಯಾಗಿ ಕಲ್ಲಿಗೋ ಫುಟ್‌ಪಾತ್‌ಗೋ ತಾಗಿ ನಿಂತಿದ್ದರೆ ಲಾಕಿನ ಕಡ್ಡಿ ಬಿಗಿಯಾಗಿ ಸಿಕ್ಕಿಕೊಂಡಿರುತ್ತೆ. ಒಂದು ಕೈಯಲ್ಲಿ ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ಸ್ವಲ್ಪ ಅಲ್ಲಾಡಿಸುತ್ತ ಇನ್ನೊಂದು ಕೈಯಲ್ಲಿ ಚಾವಿ ಮೆಲ್ಲಗೆ ತಿರುಗಿಸಿ. ಜೋರು ಮಾಡಿದರೆ ಚಾವಿ ಒಳಗೇ ಮುರಿಯುತ್ತೆ. ಹಾಗೂ ಬರದಿದ್ದರೆ ಮನೆಯಲ್ಲಿರುವ ಎರಡನೆಯ ಚಾವಿ ಹಾಕಿ ನೋಡಿ. ಎರಡನೆಯದು ಸಲೀಸಾಗಿ ತಿರುಗಿದರೆ ಸವೆದಿರುವುದು ಚಾವಿ, ಲಾಕ್ ಅಲ್ಲ.

ಹಾರ್ನ್ ಹೊಡೆದು ನೋಡಿ

ಕೊಲ್ಹಾರದಲ್ಲಿ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ. ನಾಲ್ಕು ಜನರನ್ನು ಕರೆದು ತಳ್ಳಿಸಿದೆ. ಪಾಪ, ಆ ಬಿಸಿಲಲ್ಲಿ ತಳ್ಳಿದರು. ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಕುಲುಕಿ ನಿಂತಿತು. ಇನ್ನೊಮ್ಮೆ ತಳ್ಳಿದರು. ಮತ್ತೆ ಅದೇ.

ಆ ಗಾಡಿ ಹತ್ತುವ ಸಾಧ್ಯತೆಯೇ ಇರಲಿಲ್ಲ ಅಂತ ಆಮೇಲೆ ಅರ್ಥವಾಯಿತು. ತಳ್ಳುವುದರಿಂದ ಎಂಜಿನ್ ತಿರುಗುತ್ತೆ, ಅಂದರೆ ಸೆಲ್ಫ್ ಮೋಟರಿನ ಕೆಲಸವನ್ನು ಜನ ಮಾಡುತ್ತಾರೆ. ಆದರೆ ಪೆಟ್ರೋಲ್ ಪಂಪಿಗೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿಗೆ, ಎಂಜಿನ್ ಕಂಪ್ಯೂಟರಿಗೆ ಕರೆಂಟು ಇಗ್ನಿಷನ್ ಆನ್ ಆದಾಗಲೇ ಹೋಗಬೇಕು. ಡ್ಯಾಶ್‌ಬೋರ್ಡ್ ಕತ್ತಲಾಗಿದೆ ಅಂದರೆ ಇವುಗಳಿಗೂ ಕರೆಂಟು ಹೋಗಿಲ್ಲ ಅಂತಲೇ ತಿಳಿಯಬೇಕು. ಆಗ ಊರ ತನಕ ತಳ್ಳಿದರೂ ಉಪಯೋಗ ಇಲ್ಲ. ದೀಪ ಬಂದು ಸೆಲ್ಫ್ ಮಾತ್ರ ಹೊಡೆಯದಿದ್ದಾಗ ತಳ್ಳಿ. ದೀಪವೇ ಇಲ್ಲದಾಗ ತಳ್ಳಬೇಡಿ.

ಪಕ್ಕದಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಹುಡುಗ ಒಬ್ಬ ಇದ್ದ. ಬಂದವನು ಬಾನೆಟ್ ತೆಗೆಯಲೇ ಇಲ್ಲ. ಕಿಟಕಿಯಲ್ಲಿ ಬಗ್ಗಿ, "ಹಾರ್ನ್ ಹೊಡೀರಿ ಸರ, ನೋಡೂಣು" ಅಂದ. ಹೊಡೆದೆ. ದಾರಿಯಲ್ಲಿದ್ದ ಆಕಳು ತಿರುಗಿ ನೋಡುವಷ್ಟು ಜೋರಾಗಿ ಬಂತು. "ಹೆಡ್‌ಲೈಟ್ ಹಾಕ್ರಿ." ಹಾಕಿದೆ. ಚೆನ್ನಾಗಿ ಉರಿಯಿತು. "ಬ್ಯಾಟರಿ ಆರಾಮ್ ಅದರಿ. ಚಾವಿ ಕಡೆ ಏನೋ ಆಗ್ಯಾದ" ಅಂದ.

ಅವನು ಮಾಡಿದ ಲೆಕ್ಕ ಇಷ್ಟು. ಬಹಳಷ್ಟು ಗಾಡಿಗಳಲ್ಲಿ ಹಾರ್ನ್, ಒಳಗಿನ ರೂಮ್ ಲೈಟ್, ಪಾರ್ಕಿಂಗ್ ಲೈಟ್ ಇವಕ್ಕೆ ಬ್ಯಾಟರಿಯಿಂದ ನೇರ ಕರೆಂಟು ಇರುತ್ತೆ, ಚಾವಿಯ ಹಂಗಿಲ್ಲ. ಅವು ಗಟ್ಟಿಯಾಗಿ ಕೆಲಸ ಮಾಡುತ್ತಿದ್ದರೆ ಬ್ಯಾಟರಿ, ಅದರ ಟರ್ಮಿನಲ್, ಬ್ಯಾಟರಿಯ ಮೈನಸ್ಸನ್ನು ಗಾಡಿಯ ಲೋಹಕ್ಕೆ ಕೂಡಿಸುವ ದೊಡ್ಡ ಅರ್ತ್ ವೈರು ಸುಮಾರಾಗಿ ಸರಿ ಇವೆ ಅಂತ ಅರ್ಥ. ತಪ್ಪು ಅಲ್ಲಿಂದ ಮುಂದೆ, ಚಾವಿಯ ದಾರಿಯಲ್ಲಿ ಇದೆ. ಅವೂ ಸತ್ತಿದ್ದರೆ ಬ್ಯಾಟರಿಯ ಹತ್ತಿರವೇ ಹುಡುಕಬೇಕು. ನಿಮ್ಮ ಗಾಡಿಯಲ್ಲಿ ಚಾವಿ ಇಲ್ಲದೆ ಯಾವ ಯಾವ ದೀಪ ಬರುತ್ತೆ ಅಂತ ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ. ಕೆಟ್ಟ ದಿನ ಅದೇ ದೊಡ್ಡ ಸಹಾಯ.

ಎಲ್ಲವೂ ಸತ್ತಿದ್ದರೆ

ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಸಾದಾ ಡಿಜಿಟಲ್ ಮೀಟರ್ ಸಾಕು. ಎರಡು ಗಂಟೆ ಸುಮ್ನೆ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜ್ ಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದಣಿದಿದೆ. ಮೊದಲು ಚಾರ್ಜ್ ಮಾಡಿಸಿ. ತುಂಬಿದ ಮೇಲೂ ಬೀಳುತ್ತಿದ್ದರೆ ಆಗ ಬದಲಿಸುವ ಮಾತು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತೆ. ಆ ಬಿಸಿಗೆ ನೀರು ಹಾಕುವ ಬಗೆಯ ಬ್ಯಾಟರಿಯಲ್ಲಿ ನೀರು ಬೇಗ ಆರುತ್ತೆ, ಒಳಗಿನ ಪ್ಲೇಟುಗಳೂ ಬೇಗ ಸವೆಯುತ್ತವೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ಬ್ಯಾಟರಿಗಿಂತ ಜಾಸ್ತಿ ಆಟ ಆಡಿಸುವುದು ಟರ್ಮಿನಲ್. ಮೀಟರಿನ ಕಡ್ಡಿಯನ್ನು ಮೊದಲು ಬ್ಯಾಟರಿಯ ಸೀಸದ ಗೂಟದ ತಲೆಗೇ ಒತ್ತಿ ನೋಡಿ. ಆಮೇಲೆ ಅದೇ ಕಡ್ಡಿಯನ್ನು ಅರ್ಧ ಇಂಚು ಸರಿಸಿ ಗೂಟವನ್ನು ಹಿಡಿದಿರುವ ಕ್ಲಾಂಪಿಗೆ ಒತ್ತಿ. ಹೆಡ್‌ಲೈಟ್ ಸ್ವಿಚ್ ಹಾಕಿಟ್ಟೇ ನೋಡಬೇಕು. ಗೂಟದ ಮೇಲೆ 12.5, ಕ್ಲಾಂಪಿನ ಮೇಲೆ 3 ಅಂತ ಬಂದರೆ ನಿಮ್ಮ ಇಡೀ ರೋಗ ಆ ಅರ್ಧ ಇಂಚಿನಲ್ಲಿದೆ. ಕ್ಲಾಂಪ್ ಬಿಚ್ಚಿ, ಪಾಲಿಶ್ ಪೇಪರಿನಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ. ಬಿಳಿ, ಹಸಿರು ಹೂವು ಬಂದಿದ್ದರೆ ಸೋಡಾ ಪುಡಿ ಕಲಸಿದ ನೀರಲ್ಲಿ ತೊಳೆಯಿರಿ. ನೀರು ಹಾಕುವ ಬ್ಯಾಟರಿಯಾದರೆ ಆ ಸೋಡಾ ನೀರು ಒಳಗೆ ಹೋಗದ ಹಾಗೆ ಮುಚ್ಚಳಗಳು ಬಿಗಿಯಾಗಿರಲಿ. ಒರೆಸಿ ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಬಿಚ್ಚುವಾಗ ಕಪ್ಪು (ಮೈನಸ್) ವೈರು ಮೊದಲು, ಹಾಕುವಾಗ ಕಪ್ಪು ಕೊನೆಗೆ. ಇದು ತಪ್ಪಿದರೆ ಪಾನಾ ಗಾಡಿಯ ಲೋಹಕ್ಕೆ ತಾಗಿ ಕಿಡಿ ಹಾರುತ್ತೆ.

ಕ್ಲಾಂಪ್ ತನಕ ಸರಿ ಇದ್ದು ಮುಂದೆ ಎಲ್ಲವೂ ಸತ್ತಿದ್ದರೆ ಬಾನೆಟ್ ಒಳಗಿನ ಫ್ಯೂಸ್ ಡಬ್ಬಿಯಲ್ಲಿರುವ ದೊಡ್ಡ ಮೇನ್ ಫ್ಯೂಸ್ ನೋಡಿ. ಬಹಳ ಗಾಡಿಗಳಲ್ಲಿ ಅದನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಕೆಲವೊಮ್ಮೆ ಫ್ಯೂಸ್ ಸರಿ ಇರುತ್ತೆ, ಬೋಲ್ಟೇ ಸಡಿಲ ಆಗಿರುತ್ತೆ. ಜಂಪ್ ಕೇಬಲ್ ಉಲ್ಟಾ ಹಾಕಿದ ಗಾಡಿಗಳಲ್ಲಿ ಈ ಫ್ಯೂಸ್ ಹಾರುವುದು ಮಾಮೂಲು.

ಹಾರ್ನ್ ಇದೆ, ಡ್ಯಾಶ್‌ಬೋರ್ಡ್ ಇಲ್ಲ

ಈಗ ನನ್ನ ಗಾಡಿಯ ರೋಗಕ್ಕೆ ಬರೋಣ. ಕರೆಂಟಿನ ದಾರಿ ಹೀಗಿದೆ ಅಂತ ತಿಳಿಯಿರಿ. ಬ್ಯಾಟರಿಯಿಂದ ಮೇನ್ ಫ್ಯೂಸ್, ಅಲ್ಲಿಂದ ಇಗ್ನಿಷನ್ನಿನ ಫ್ಯೂಸ್, ಅಲ್ಲಿಂದ ದಪ್ಪ ವೈರೊಂದು ಸ್ಟೇರಿಂಗ್ ಕೆಳಗಿನ ಇಗ್ನಿಷನ್ ಸ್ವಿಚ್ಚಿಗೆ. ಚಾವಿ ತಿರುಗಿಸಿದಾಗ ಸ್ವಿಚ್ ಆ ಕರೆಂಟನ್ನು ಮೂರು ನಾಲ್ಕು ವೈರಿಗೆ ಹಂಚುತ್ತೆ. ಒಂದು ಹಾಡಿನ ಟೇಪಿಗೆ, ಒಂದೋ ಎರಡೋ ಎಂಜಿನ್ನಿಗೆ ಮತ್ತು ಡ್ಯಾಶ್‌ಬೋರ್ಡಿಗೆ, ಒಂದು ಸೆಲ್ಫಿಗೆ. ಅಲ್ಲಿಂದ ಗಾಡಿಯೊಳಗಿನ ಸಣ್ಣ ಫ್ಯೂಸುಗಳಿಗೆ. ಈ ದಾರಿಯಲ್ಲಿ ಕರೆಂಟು ಎಲ್ಲಿ ತನಕ ಬಂದಿದೆ, ಎಲ್ಲಿಂದ ಬಂದಿಲ್ಲ ಅಂತ ಕಂಡುಹಿಡಿಯುವುದಷ್ಟೇ ನಮ್ಮ ಕೆಲಸ.

ಇದಕ್ಕೆ ಮೀಟರಿಗಿಂತ ಟೆಸ್ಟ್ ಲ್ಯಾಂಪ್ ಒಳ್ಳೆಯದು. ಹಳೇ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿದರೆ ಆಯಿತು. ಆ ಹುಡುಗನ ಕೈಯಲ್ಲಿದ್ದದ್ದೂ ಅದೇ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಅದು ಆರಾಮಾಗಿ 12 ವೋಲ್ಟ್ ತೋರಿಸುತ್ತೆ. ಬಲ್ಬು ಕರೆಂಟು ಕುಡಿಯುತ್ತೆ. ಹಾದಿ ಇಕ್ಕಟ್ಟಾಗಿದ್ದರೆ ಅದು ಮಂಕಾಗಿ ಗುಟ್ಟು ಬಿಡುತ್ತೆ. ಆದರೆ ಒಂದು ಮಾತು. ಸ್ಟೇರಿಂಗ್ ಹತ್ತಿರ ಹಳದಿ ಬಣ್ಣದ ವೈರು, ಹಳದಿ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಪ್ಲಗ್) ಕಂಡರೆ ಕೈ ದೂರ ಇಡಿ. ಅದು ಏರ್‌ಬ್ಯಾಗಿನದು. ಅದರ ಮೇಲೆ ಟೆಸ್ಟ್ ಲ್ಯಾಂಪ್ ಇಡಲೇಬಾರದು. ಎಂಜಿನ್ ಕಂಪ್ಯೂಟರಿನ ಸಣ್ಣ ಪಿನ್ನುಗಳ ಮೇಲೂ ಬೇಡ. ಅಲ್ಲಿ ಮೀಟರೇ ಸರಿ.

ಮೊದಲು ಒಳಗಿನ ಫ್ಯೂಸುಗಳು. ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ನೋಡುವುದು ಹಳೇ ಅಭ್ಯಾಸ, ಆದರೆ ಕಣ್ಣು ಮೋಸ ಹೋಗುತ್ತೆ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರುತ್ತವೆ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಯ ಬರಿ ಲೋಹಕ್ಕೆ, ಇನ್ನೊಂದು ತುದಿ ಆ ಚುಕ್ಕೆಗೆ. ಚಾವಿ ಆನ್ ಇರಲಿ. ಎರಡೂ ಚುಕ್ಕೆಯಲ್ಲಿ ಬಲ್ಬು ಉರಿದರೆ ಫ್ಯೂಸ್ ಸರಿ. ಒಂದರಲ್ಲಿ ಉರಿದು ಇನ್ನೊಂದರಲ್ಲಿ ಉರಿಯದಿದ್ದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಉರಿಯದಿದ್ದರೆ ಫ್ಯೂಸಿನದ್ದೇನೂ ತಪ್ಪಿಲ್ಲ, ಅಲ್ಲಿಗೆ ಕರೆಂಟೇ ಬಂದಿಲ್ಲ. ಈ ಮೂರನೆಯದನ್ನು ಎಷ್ಟೋ ಜನ ಗಮನಿಸುವುದಿಲ್ಲ. ನನ್ನ ಗಾಡಿಯಲ್ಲಿ ಹಾರ್ನ್, ರೂಮ್ ಲೈಟಿನ ಫ್ಯೂಸುಗಳಲ್ಲಿ ಎರಡೂ ಕಡೆ ಬೆಳಕು. ಮೀಟರ್, ವೈಪರ್, ಇಗ್ನಿಷನ್ ಅಂತ ಬರೆದ ಸಾಲಿನಲ್ಲಿ ಒಂದರಲ್ಲೂ, ಎರಡೂ ಕಡೆಯೂ, ಬೆಳಕಿಲ್ಲ. ಇಷ್ಟೊಂದು ಫ್ಯೂಸು ಒಟ್ಟಿಗೆ ಸಾಯುವುದಿಲ್ಲ ಅಲ್ವಾ? ಅಂದರೆ ಅವುಗಳ ತಾಯಿಬೇರು ಒಣಗಿದೆ. ಅದು ಸ್ವಿಚ್, ಇಲ್ಲವೇ ಸ್ವಿಚ್ಚಿಗೆ ಬರುವ ವೈರು.

ಹುಡುಗ ಇನ್ನೊಂದು ಕೆಲಸ ಮಾಡಿದ. ಚಾವಿಯನ್ನು ಆನ್‌ನಲ್ಲಿಟ್ಟು, ತಿರುಗಿಸದೆ, ಮೇಲೆ ಕೆಳಗೆ ಸ್ವಲ್ಪ ಒತ್ತಿದ. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಿಣಕ್ ಅಂದು ಆರಿತು. "ಸಿಕ್ತು ನೋಡ್ರಿ" ಅಂದ. ನನ್ನ ಚಾವಿ ಗೊಂಚಲನ್ನು ಬೆರಳಲ್ಲಿ ಎತ್ತಿ ತೋರಿಸಿ ನಕ್ಕ. ಅದರಲ್ಲಿ ಮನೆಯ ಎರಡು ಚಾವಿ, ಗೋದಾಮಿನ ಹಿತ್ತಾಳೆ ಚಾವಿ, ಬೈಕಿನದು, ಕಪಾಟಿನದು, ಸಿದ್ಧೇಶ್ವರ ಜಾತ್ರೆಯಲ್ಲಿ ತಗೊಂಡ ಒಂದು ಗೆಜ್ಜೆ. ಅಷ್ಟೂ ಭಾರ ವರ್ಷಗಟ್ಟಲೆ ಪ್ರತಿ ಕುಣಿಗೂ ಆ ಲಾಕನ್ನು ಜಗ್ಗಿದೆ.

ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಮೂರು ಸ್ಕ್ರೂ ಇದ್ದವು. ಬಿಚ್ಚುವ ಮೊದಲು ಅವನು ಬ್ಯಾಟರಿಯ ಕಪ್ಪು ವೈರು ತೆಗೆದು ಸ್ವಲ್ಪ ಹೊತ್ತು ಸುಮ್ನೆ ಕೂತ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಇದನ್ನು ಬಿಡಬಾರದು. ಮುಚ್ಚಳ ಇಳಿಸಿದಾಗ ಸ್ವಿಚ್ಚಿನ ಹಿಂಭಾಗದ ಬಿಳಿ ಕಪ್ಲರ್ ಕಂಡಿತು. ಆರು ಮನೆಗಳಲ್ಲಿ ಐದು ಬೆಳ್ಳಗೆ. ಆರನೆಯದರ ಸುತ್ತ ಪ್ಲಾಸ್ಟಿಕ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿ, ಅಂಚು ಕರಗಿ, ಸ್ವಲ್ಪ ಬಾಗಿತ್ತು. ಕಪ್ಲರ್ ಕಿತ್ತಾಗ ಒಳಗಿನ ಹಿತ್ತಾಳೆ ತುಟಿ ಅಗಲವಾಗಿ ಬಾಯಿ ಬಿಟ್ಟಿತ್ತು. ಮೂಗಿಗೆ ಸುಟ್ಟ ವಾಸನೆ ಬಂತು.

ಯಾಕೆ ಹೀಗಾಗುತ್ತೆ ಅಂದರೆ, ಲೆಕ್ಕ ಸಣ್ಣದು. ಆ ವೈರಿನಲ್ಲಿ 10 ಆಂಪಿಯರ್ ಹರಿಯುತ್ತಿದೆ ಅನ್ನಿ. ಸಡಿಲಾದ ಜಾಗದಲ್ಲಿ ಅರ್ಧ ಓಮ್ ತಡೆ ಬಂದರೆ ಅಲ್ಲೇ 5 ವೋಲ್ಟ್ ನುಂಗಿಹೋಗುತ್ತೆ. 50 ವ್ಯಾಟ್ ಬಿಸಿ ಆ ಒಂದು ಪಿನ್ನಿನಲ್ಲಿ ಹುಟ್ಟುತ್ತೆ. ಅದು ಸೋಲ್ಡರಿಂಗ್ ಐರನ್‌ನಷ್ಟು ಬಿಸಿ. ಬಿಸಿಯಾದಷ್ಟೂ ಹಿತ್ತಾಳೆ ಬಿಗಿ ಕಳೆದುಕೊಳ್ಳುತ್ತೆ, ಬಿಗಿ ಕಳೆದಷ್ಟೂ ಇನ್ನೂ ಬಿಸಿ. ದೂರ ಓಡಿಸಿ ನಿಲ್ಲಿಸಿ, ಹತ್ತು ನಿಮಿಷಕ್ಕೆ ಮತ್ತೆ ಆನ್ ಮಾಡಿದಾಗಲೇ ಕೈಕೊಟ್ಟಿದ್ದು ಇದಕ್ಕೇ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ಸಲವೂ ತಕರಾರು ಬಂದಿರಲಿಲ್ಲ. ಬಿಸಿಯಲ್ಲಿ ಬಂದು ತಣ್ಣಗಾದಾಗ ಹೋಗುವ ರೋಗಕ್ಕೆ ಯಾರಾದರೂ ಏನಾದರೂ ಬದಲಿಸಿ "ಸರಿಯಾಯ್ತು" ಅಂದರೆ ನಂಬುವ ಮೊದಲು ಗಾಡಿ ಒಂದು ಗಂಟೆ ಓಡಿಸಿ.

ನಿಮ್ಮ ಗಾಡಿಯಲ್ಲಿ ಸುಟ್ಟ ಗುರುತು ಕಾಣದಿದ್ದರೆ ಬ್ಯಾಟರಿ ವೈರನ್ನು ಮತ್ತೆ ಹಾಕಿ ಟೆಸ್ಟ್ ಲ್ಯಾಂಪ್ ಇಡಿ. ಕಪ್ಲರ್ ಕೂಡಿಸಿಯೇ ಇರಲಿ, ಹಿಂಬದಿಯಿಂದ ಪಿನ್ನಿಗೆ ತಾಗಿಸಿ. ದಪ್ಪ ವೈರಿನಲ್ಲಿ ಚಾವಿ ಆಫ್ ಇದ್ದರೂ ಬಲ್ಬು ಉರಿಯಬೇಕು. ಉರಿಯದಿದ್ದರೆ ತಪ್ಪು ಸ್ವಿಚ್ಚಿನ ಹಿಂದೆ, ಫ್ಯೂಸ್ ಡಬ್ಬಿಯ ಕಡೆ. ಉರಿದರೆ ಚಾವಿ ಆನ್ ಮಾಡಿ ಉಳಿದ ವೈರು ನೋಡಿ. ಯಾವುದರಲ್ಲೂ ಬರದಿದ್ದರೆ ಸ್ವಿಚ್ ಹೋಗಿದೆ. ಚೆನ್ನಾಗಿ ಬಂದರೆ ಸ್ವಿಚ್ ಸರಿ, ತಪ್ಪು ಮುಂದಿನ ವೈರಿನಲ್ಲಿ ಇಲ್ಲವೇ ಡ್ಯಾಶ್‌ಬೋರ್ಡಿನ ಅರ್ತಿನಲ್ಲಿ. ವೈರಿನ ಬಣ್ಣ ಗಾಡಿಯಿಂದ ಗಾಡಿಗೆ ಬೇರೆ. ಇನ್ನೊಬ್ಬರ ಗಾಡಿಯ ಬಣ್ಣ ನೋಡಿಕೊಂಡು ಕೈ ಹಾಕಬೇಡಿ.

ಮುಂದಿನ ವೈರು ಅಂದಾಗ ಎರಡು ವಿಷಯ ನೆನಪಿಡಿ. ಒಂದು, ಇಲಿ. ಕಬ್ಬಿನ ಹೊಲದ ಪಕ್ಕ, ಗೋದಾಮಿನಲ್ಲಿ ಗಾಡಿ ನಿಲ್ಲಿಸುವವರಿಗೆ ಇದನ್ನು ಹೇಳಬೇಕಿಲ್ಲ. ಮುಧೋಳ, ಜಮಖಂಡಿ ಕಡೆಯ ಗೆಳೆಯರ ಗಾಡಿಗಳಲ್ಲಿ ಕಡಿದ ವೈರು ನಾನೇ ಕಂಡಿದ್ದೇನೆ. ಇನ್ನೊಂದು, ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಿಂದಿನವರು ಕಳ್ಳರ ಭಯಕ್ಕೆ ಸೀಟಿನ ಕೆಳಗೆ ಕೂರಿಸಿದ ಗುಪ್ತ ಸ್ವಿಚ್. ಮಗು ಕಾಲಲ್ಲಿ ಒತ್ತಿದರೆ ಸಾಕು, ಗಾಡಿ ಸತ್ತಂತೆ. ನಗಬೇಡಿ, ಇದಕ್ಕೆ ಟೋ ಮಾಡಿಸಿದವರಿದ್ದಾರೆ.

ಬಟನ್ ಗಾಡಿ, ಮತ್ತು ಸೆಲ್ಫ್ ಮಾತ್ರ ಹೊಡೆಯದಿದ್ದರೆ

ಬಟನ್ ಒತ್ತಿ ಆನ್ ಮಾಡುವ ಗಾಡಿಯಲ್ಲಿ ಮೊದಲ ಅನುಮಾನ ರಿಮೋಟಿನೊಳಗಿನ ನಾಣ್ಯದಂಥ ಸೆಲ್ ಮೇಲೆ. ಬಹಳಷ್ಟರಲ್ಲಿ ಅದು ಸಿಆರ್ 2032, 3 ವೋಲ್ಟಿನದು. ಸೆಲ್ ಸತ್ತಿದ್ದರೂ ಹಲವು ಗಾಡಿಗಳಲ್ಲಿ ರಿಮೋಟನ್ನು ಬಟನ್ನಿಗೇ ತಾಗಿಸಿ ಒತ್ತಿದರೆ ಆನ್ ಆಗುತ್ತೆ. ಸ್ಟಾರ್ಟ್ ಆಗದಿದ್ದರೆ ಬ್ರೇಕ್ ಒತ್ತಿ, ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತಾ ನೋಡಿ. ಬೀಳದಿದ್ದರೆ ಬ್ರೇಕ್ ಸ್ವಿಚ್ಚೋ ಅದರ ಫ್ಯೂಸೋ ಕೆಟ್ಟಿರಬಹುದು. ನೀವು ಬ್ರೇಕ್ ಒತ್ತಿದ್ದು ಗಾಡಿಗೆ ಗೊತ್ತೇ ಆಗಿಲ್ಲ.

ದೀಪ ಬಂದು ಸೆಲ್ಫ್ ಹೊಡೆಯದಿದ್ದರೆ ಕಿವಿ ಕೊಡಿ. ಟಿಕ್ ಟಿಕ್ ಟಿಕ್ ಅಂತ ಸರಸರ ಬಡಿದರೆ ಬ್ಯಾಟರಿ ಸೊರಗಿದೆ ಅಥವಾ ಟರ್ಮಿನಲ್ ಸಡಿಲ. ಒಂದೇ ಒಂದು ಠಕ್ ಅಂದು ಸುಮ್ಮನಾದರೆ ಸೆಲ್ಫ್ ಮೋಟರೋ, ಎಂಜಿನ್ನಿಗೆ ಹೋಗುವ ಅರ್ತ್ ವೈರೋ. ಸೆಲ್ಫ್ ಕೊಡುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ ಮೀಟರ್ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಸದ್ದೇ ಇಲ್ಲದಿದ್ದರೆ ಸೆಲ್ಫಿಗೆ ಕರೆಂಟು ಬಿಡುವ ಸ್ಟಾರ್ಟರ್ ರಿಲೇ, ಕ್ಲಚ್ ಸ್ವಿಚ್, ಆಟೊಮ್ಯಾಟಿಕ್ ಆದರೆ ಗೇರು ಪಾರ್ಕಿನಲ್ಲಿದೆಯಾ ಅಂತ ನೋಡಿ. ರಿಲೇ ಪರೀಕ್ಷೆಗೆ ಅದೇ ನಂಬರಿನ ಹಾರ್ನ್ ರಿಲೇ ಕಿತ್ತು ಅಲ್ಲಿಗೆ ಹಾಕಿ ನೋಡಬಹುದು. ಚಾವಿಯ ಚಿತ್ರದ ದೀಪ ಮಿನುಗುತ್ತಲೇ ಇದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಚಾವಿಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಚಾವಿ ಹಾಕಿ. ಅದರಲ್ಲೂ ಆಗದಿದ್ದರೆ ಅದು ಕಂಪ್ಯೂಟರ್ ಹಾಕಿ ನೋಡುವವರ ಕೆಲಸ.

ಸರಿ ಮಾಡಿದ್ದು

ಕೊಲ್ಹಾರದಲ್ಲಿ ಹುಡುಗ ಸಣ್ಣ ಪಕ್ಕಡದಿಂದ ಆ ಹಿತ್ತಾಳೆ ತುಟಿಯನ್ನು ಒತ್ತಿ ಬಿಗಿ ಮಾಡಿ ಕಪ್ಲರ್ ಕೂರಿಸಿದ. ಡ್ಯಾಶ್‌ಬೋರ್ಡ್ ಪೂರ್ತಿ ಬೆಳಗಿತು. "ಇದು ಮನಿ ಮುಟ್ಟೂತನಕರಿ. ಏಸಿ ಹಾಕಬ್ಯಾಡ್ರಿ" ಅಂದ. ಏಸಿ ಇಲ್ಲದೆ ಕಿಟಕಿ ಇಳಿಸಿಕೊಂಡು ಬಂದೆವು. ಏಸಿಯ ಗಾಳಿ ಬೀಸುವ ಬ್ಲೋವರಿನ ಕರೆಂಟೂ ಹಳೇ ಗಾಡಿಗಳಲ್ಲಿ ಅದೇ ಸ್ವಿಚ್ಚಿನ ಮೂಲಕ ಹೋಗುವುದುಂಟು, ಅದಕ್ಕೆ ಹಾಗೆ ಹೇಳಿದ್ದು.

ಮರುದಿನ ವಿಜಯಪುರದಲ್ಲಿ ಸ್ವಿಚ್ ಬದಲಿಸಿದೆ. ನನ್ನ ಗಾಡಿಯಲ್ಲಿ ಚಾವಿ ಹಾಕುವ ಲಾಕ್ ಬೇರೆ, ಹಿಂದಿನ ಕರೆಂಟಿನ ಸ್ವಿಚ್ ಬೇರೆ. ಹಾಗಾಗಿ ಹಳೇ ಚಾವಿಯೇ ನಡೆಯಿತು. ಪೂರ್ತಿ ಲಾಕ್ ಸೆಟ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಇದನ್ನು ಒಮ್ಮೆ ಕೇಳಿ. ಸ್ವಿಚ್ಚಿನ ಜೊತೆ ಕಪ್ಲರಿನ ಸುಟ್ಟ ಪಿನ್ನನ್ನೂ ಕತ್ತರಿಸಿ ಹೊಸದು ಹಾಕಿಸಿದೆ. ಹಳೇ ಸಡಿಲ ಪಿನ್ನಿಗೆ ಹೊಸ ಸ್ವಿಚ್ ಕೂರಿಸಿದರೆ ಅದೂ ಕೆಲವೇ ತಿಂಗಳಲ್ಲಿ ಸುಡುತ್ತೆ. ಮೆಕ್ಯಾನಿಕ್ ಪಿನ್ ಬೇಡ, ನೇರ ವೈರು ತಿರುಚಿ ಟೇಪ್ ಸುತ್ತುತ್ತೇನೆ ಅಂದರು. ನಾನು ಒಪ್ಪಲಿಲ್ಲ. ಹಾಗೆಯೇ ಹಾರಿದ ಫ್ಯೂಸಿನ ಜಾಗಕ್ಕೆ ತಂತಿ, ಬೀಡಿ ಕಟ್ಟಿನ ಬೇಗಡೆ, ದೊಡ್ಡ ಆಂಪಿಯರಿನ ಫ್ಯೂಸ್ ಇವು ಯಾವುದೂ ಬೇಡ. ಆಮೇಲೆ ಫ್ಯೂಸ್ ಬದಲು ವೈರೇ ಉರಿಯುತ್ತೆ.

ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಹಿಡಿದೆ, 14.1 ಬಂತು. 13.8ರಿಂದ 14.5ರೊಳಗೆ ಇದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿ ಅಂತ ಲೆಕ್ಕ. ಗಾಡಿಯನ್ನು ತಿಡಗುಂದಿ ತನಕ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಚಾವಿ ಹಾಕಿ ಒತ್ತಿ, ಅಲ್ಲಾಡಿಸಿ ನೋಡಿದೆ. ಒಂದು ದೀಪವೂ ಮಿನುಗಲಿಲ್ಲ. ಸ್ಟೇರಿಂಗ್ ಮುಚ್ಚಳ ಮುಟ್ಟಿದರೆ ಬಿಸಿ ಇರಲಿಲ್ಲ.

ಗಾಡಿ ಚಾವಿ ಈಗ ಒಂಟಿ. ಗೋದಾಮಿನದು ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದೆ. ಗೆಜ್ಜೆಯನ್ನು ಮಗಳು ತಗೊಂಡು ತನ್ನ ಸೈಕಲ್ಲಿಗೆ ಕಟ್ಟಿಕೊಂಡಿದ್ದಾಳೆ.